ನೀರಿಗೆ ಲೆಕ್ಕ ಒಪ್ಪಿಸುವ ಕಸುಬು

ಕುಪ್ಪಳ್ಳಿಯ ಕವಿಶೈಲದ ಬಂಡೆಯ ಮೇಲೆ ಬಿದ್ದ ಮಳೆಹನಿ ಹಳ್ಳ ಹಿಡಿದು ತುಂಗೆಗೆ ಇಳಿಯುತ್ತದೆ. ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಹುದೂರ ನಡೆದು ಬಂಗಾಳಕೊಲ್ಲಿ ಮುಟ್ಟುತ್ತದೆ. ಅದೇ ಮೋಡ ತುಸು ಮೊದಲೇ, ಆಗುಂಬೆಯ ಘಟ್ಟದಂಚಿನಲ್ಲಿ ಸುರಿದುಬಿಟ್ಟಿದ್ದರೆ ಆ ಹನಿಯ ದಾರಿಯೇ ಬೇರೆ. ಸೀತಾನದಿಯ ಪಾಲಾಗಿ, ಸೋಮೇಶ್ವರದ ಕಾಡು, ಹೆಬ್ರಿ, ಬಾರ್ಕೂರು ದಾಟಿ ಹಂಗಾರಕಟ್ಟೆಯ ಅಳಿವೆಯಲ್ಲಿ ಅದು ಅರಬ್ಬಿ ಸಮುದ್ರವನ್ನು ಕಾಣುತ್ತಿತ್ತು.

ಆ ಹಂಗಾರಕಟ್ಟೆಯಲ್ಲಿ, ಅದರ ದಕ್ಷಿಣಕ್ಕಿರುವ ಮಲ್ಪೆಯಲ್ಲಿ ಇವತ್ತು ಹಡಗು ಕಟ್ಟುವ ಯಾರ್ಡುಗಳಿವೆ. ಅಲ್ಲಿ ತಯಾರಾಗುವುದು ಮೀನುಗಾರರ ದೋಣಿಗಳಷ್ಟೇ ಅಲ್ಲ. ಯುರೋಪಿನ ಚಳಿಗಡಲಲ್ಲಿ ಸರಕು ಹೊರುವ, ಸುಮಾರು 90 ಮೀಟರ್ ಉದ್ದದ ಉಕ್ಕಿನ ಹಡಗುಗಳನ್ನು ನಾರ್ವೆ ದೇಶದ ಕಂಪನಿಯೊಂದು ಅಲ್ಲಿ ಕಟ್ಟಿಸಿಕೊಳ್ಳುತ್ತಿದೆ. ಸಂಜೆ ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತು, ಮಂಜಿಲ್ಲದ ದಿನ ಪಡುವಣದಂಚಿನಲ್ಲಿ ಮಿನುಗುವ ಕಡಲಗೆರೆಯನ್ನು ನೋಡುವಾಗೆಲ್ಲ ನನಗೆ ಅಲ್ಲಿಯ ವೆಲ್ಡಿಂಗ್ ಕಿಡಿಗಳ ನೆನಪಾಗುತ್ತದೆ.

ಹಡಗು ಕಟ್ಟುವುದು ಘಟ್ಟದ ಮೇಲಿನವರಾದ ನಮಗೆ ದೂರದ ವಿದ್ಯೆ ಎನ್ನಿಸಬಹುದು. ಆದರೆ ಆ ವಿದ್ಯೆಯ ಮೊದಲ ಪಾಠವನ್ನು ಸಾಗರ, ಹೊಸನಗರ ಸೀಮೆಯ ಜನ ಅರವತ್ತು ವರ್ಷ ಕಣ್ಣಾರೆ ಕಂಡಿದ್ದಾರೆ. ಆ ಪಾಠ ಸಿಗುತ್ತಿದ್ದದ್ದು ಶರಾವತಿ ಹಿನ್ನೀರಿನ ಲಾಂಚಿನಲ್ಲಿ.

ಹೊಳೆಬಾಗಿಲಿನ ಪಾಠ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಶರಾವತಿ ಕಣಿವೆಯ ಗದ್ದೆ, ತೋಟ, ದಾರಿಗಳು ನೀರಿನಡಿ ಹೋದವು. ಕರೂರು, ತುಮರಿ ಕಡೆಯ ಊರುಗಳಿಗೆ ಸಾಗರ ಪೇಟೆ ಕಣ್ಣೆದುರಿಗಿದ್ದೂ ಕೈಗೆ ಸಿಗದಂತಾಯಿತು. ಹೊಳೆಬಾಗಿಲು ಎನ್ನುವ ಕಡವಿನಲ್ಲಿ ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವೆ ಓಡಾಡಿದ ಲಾಂಚೇ ಆ ಜನರ ಹೆದ್ದಾರಿಯಾಯಿತು. ಮದುವೆ ದಿಬ್ಬಣ, ಅಡಿಕೆ ಮೂಟೆ, ಹೆರಿಗೆ ನೋವಿನ ಹೆಣ್ಣುಮಗಳು, ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತವರು, ಎಲ್ಲರೂ ಒಂದೇ ಹಲಗೆಯ ಮೇಲೆ ನಿಂತು ದಾಟಿದರು.

ಲಾಂಚಿಗೆ ವಾಹನ ಹತ್ತಿಸುವುದನ್ನು ಗಮನಿಸಿದವರಿಗೆ ಒಂದು ದೃಶ್ಯ ನೆನಪಿರುತ್ತದೆ. ದಡಕ್ಕೆ ಇಳಿಬಿಟ್ಟ ಹಲಗೆಯ ಮೇಲೆ ಬಸ್ಸು ನಿಧಾನ ಏರುತ್ತದೆ. ಸಿಬ್ಬಂದಿಯೊಬ್ಬ ಎದುರು ನಿಂತು ಕೈ ಆಡಿಸುತ್ತಾನೆ: “ಇನ್ನೊಂಚೂರು ಬಲಕ್ಕೆ, ಸಾಕು, ಹಿಂದೆ ಹೋಗಿ, ಹಿಂದೆ, ಹಾಂ.” ಬಸ್ಸು ಅಲ್ಲೇ ನಿಲ್ಲಬೇಕು. ಆಮೇಲೆ ಕಾರುಗಳು ಆಚೆಗೊಂದು ಈಚೆಗೊಂದು, ಬೈಕುಗಳು ಉಳಿದ ಸಂದಿಯಲ್ಲಿ. ಕಡೆಗೆ ಜನ. ಹತ್ತುವವರಿಗೆ ಅದು ಜಾಗ ಹೊಂದಿಸುವ ಕೆಲಸವಾಗಿ ಕಾಣುತ್ತಿತ್ತು. ನಿಜಕ್ಕೂ ಅವನು ಮಾಡುತ್ತಿದ್ದದ್ದು ತಕ್ಕಡಿ ಹಿಡಿಯುವ ಕೆಲಸ.

ಆ ತಕ್ಕಡಿಯ ಲೆಕ್ಕ ಸರಳ. ತೇಲುವ ವಸ್ತು ತಾನು ತೂಗುವಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. 20 ಮೀಟರ್ ಉದ್ದ, 6 ಮೀಟರ್ ಅಗಲದ ಚಪ್ಪಟೆ ತಳದ ಲಾಂಚೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ತಳ 120 ಚದರ ಮೀಟರ್. ಅದು ನೀರಿನಲ್ಲಿ ಒಂದೇ ಒಂದು ಸೆಂಟಿಮೀಟರ್ ಇಳಿದರೆ 1.2 ಘನ ಮೀಟರ್ ನೀರು, ಅಂದರೆ 1,200 ಕಿಲೋ ನೀರು ಸರಿಯುತ್ತದೆ. ಆ 1,200 ಕಿಲೋ ಭಾರವನ್ನು ನೀರು ಹೊತ್ತಿತು ಎಂದೇ ಅರ್ಥ. ಜನ ತುಂಬಿದ 12 ಟನ್ನಿನ ಬಸ್ಸೊಂದು ಹತ್ತಿದರೆ ಲಾಂಚು 10 ಸೆಂಟಿಮೀಟರ್, ಒಂದು ಗೇಣಿನಷ್ಟೂ ಅಲ್ಲ, ಕೆಳಗಿಳಿಯುತ್ತದೆ. ಇಷ್ಟು ದೊಡ್ಡ ಭಾರಕ್ಕೆ ಇಷ್ಟು ಸಣ್ಣ ಇಳಿತ. ಚಪ್ಪಟೆ ತಳದ ಮಹಿಮೆ ಇದು. ಬೇಸಿಗೆಯಲ್ಲಿ ಹಿನ್ನೀರು ಇಳಿದು ದಡ ಕೆಸರಾದಾಗಲೂ ಲಾಂಚು ದಡದ ಹತ್ತಿರಕ್ಕೆ ಹೋಗಬೇಕು. ಆಳವಾದ ತಳವಿದ್ದರೆ ಅದು ಆಗದ ಮಾತು. ನೀರು ತೀರ ಇಳಿದ ವರ್ಷಗಳಲ್ಲಿ ಚಪ್ಪಟೆ ತಳಕ್ಕೂ ನೀರು ಸಾಲದೆ, ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಗುತ್ತಿತ್ತು.

ತೇಲಿದರೆ ಸಾಲದು, ಮಗುಚಬಾರದು. ಇದು ಎರಡನೆಯ ಲೆಕ್ಕ, ಇನ್ನೂ ಸೊಗಸಿನದು. ಹಡಗಿನ ಭಾರವೆಲ್ಲ ಒಂದು ಬಿಂದುವಿನಲ್ಲಿ ಕೆಳಕ್ಕೆ ಜಗ್ಗುತ್ತದೆ. ನೀರು ಇನ್ನೊಂದು ಬಿಂದುವಿನಲ್ಲಿ ಮೇಲಕ್ಕೆ ಒತ್ತುತ್ತದೆ. ನೆಟ್ಟಗೆ ನಿಂತಾಗ ಇವೆರಡೂ ಒಂದೇ ಸಾಲಿನಲ್ಲಿರುತ್ತವೆ. ಗಾಳಿಗೋ ಅಲೆಗೋ ಹಡಗು ಬಲಕ್ಕೆ ವಾಲಿತೆನ್ನಿ. ಬಲಭಾಗ ಹೆಚ್ಚು ಮುಳುಗುತ್ತದೆ, ನೀರಿನ ಒತ್ತುವ ಬಿಂದುವೂ ಬಲಕ್ಕೆ ಸರಿಯುತ್ತದೆ, ಮುಳುಗುವ ಮಗ್ಗುಲನ್ನೇ ಮೇಲಕ್ಕೆ ನೂಕುತ್ತದೆ. ವಾಲಿದವನ ತೋಳಿಗೆ ಆ ಕಡೆಯಿಂದಲೇ ಹೆಗಲು ಕೊಟ್ಟ ಹಾಗೆ. 1746ರಲ್ಲಿ ಫ್ರಾನ್ಸಿನ ಪಿಯರ್ ಬೂಗೆ ಈ ಹೆಗಲು ಎಷ್ಟು ಗಟ್ಟಿ ಎಂದು ಅಳೆಯುವ ದಾರಿಯನ್ನು ಬರೆದಿಟ್ಟ. ಹಡಗು ಅಗಲವಾದಷ್ಟೂ ಆ ಹೆಗಲು ಬಲಿಯುತ್ತದೆ; ಅಗಲ ಎರಡು ಪಟ್ಟಾದರೆ ಈ ಬಲದಲ್ಲಿ ಅಗಲದ ಪಾಲು ಎಂಟು ಪಟ್ಟಾಗುತ್ತದೆ. ಆದರೆ ಭಾರ ಮೇಲೆ ಹೋದಷ್ಟೂ ಹೆಗಲು ಸೋಲುತ್ತದೆ. ಲಾಂಚು ಏಕೆ ಅಷ್ಟು ಅಗಲ, ಜನ ಬಸ್ಸಿನ ಟಾಪಿನ ಮೇಲೆ ಕೂತು ದಾಟುವುದು ಏಕೆ ಸಲ್ಲದು, ಕೈ ಆಡಿಸುವ ಆ ಮನುಷ್ಯ ಏಕೆ ಅಷ್ಟು ನಿಷ್ಠುರ ಎಂಬುದಕ್ಕೆಲ್ಲ ಉತ್ತರ ಇಲ್ಲಿದೆ.

ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ನಮ್ಮ ಸೀಮೆಯಲ್ಲಿ ಮನೆಮಾತು. ಗದ್ದೆಯ ಮಣ್ಣಿನ ಗುಣ ನೋಡಿ, ಬೆಳೆ ಅಳೆದು ಕಂದಾಯ ಕಟ್ಟಿದ ಲೆಕ್ಕ ಅದು. ಹಡಗಿನವರದೂ ಅಂಥ ಶಿಸ್ತೇ. ಅವರು ಕಂದಾಯ ಕಟ್ಟುವುದು ನೀರಿಗೆ. ಒಂದು ಕಿಲೋ ಭಾರಕ್ಕೂ ಸರಿಯಾದ ಪಾಲು ಸಲ್ಲಬೇಕು, ಸಲ್ಲಬೇಕಾದ ಜಾಗದಲ್ಲೇ ಸಲ್ಲಬೇಕು.

ಕಾಡಿನಿಂದ ಕಡಲಿಗೆ

ಒಂದು ಕಾಲಕ್ಕೆ ಕರಾವಳಿಯ ಹಡಗುಗಳು ನಮ್ಮ ಘಟ್ಟದ ಕಾಡಿನಲ್ಲೇ ಬೆಳೆಯುತ್ತಿದ್ದವು. ಬೆನ್ನುಮರಕ್ಕೆ, ಪಕ್ಕೆಗೆ ಸಾಗುವಾನಿ, ಹಲಗೆಗೆ ಹೆಬ್ಬಲಸು, ಪಟ ಕಟ್ಟುವ ಕೂವೆಕಂಬಕ್ಕೆ ಗಂಟಿಲ್ಲದೆ ನೆಟ್ಟಗೆ ಏರುವ, ಸುರಹೊನ್ನೆಯ ಬಳಗದ ಮರ. ಪಡುಗರೆಯಲ್ಲಿ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಮೀನೆಣ್ಣೆ ಬಳಿದು ಹಡಗು ಕಟ್ಟುವ ಪದ್ಧತಿ ಬಹುಕಾಲ ಇತ್ತು. ಹೊಲಿದ ಹಡಗು ಮರಳಿಗೆ ಬಡಿದರೆ ಸೀಳುವುದಿಲ್ಲ, ಬಳುಕುತ್ತದೆ.

ಇಕ್ಕೇರಿ, ಬಿದನೂರುಗಳಿಂದ ಆಳಿದ ಕೆಳದಿ ಅರಸರ ಸಂಪತ್ತಿನ ಒಂದು ದೊಡ್ಡ ಪಾಲು ಬಸರೂರು, ಹೊನ್ನಾವರ, ಮಂಗಳೂರಿನ ಬಂದರುಗಳಿಂದ ಹೊರಟ ಅಕ್ಕಿ ಮತ್ತು ಮೆಣಸಿನಿಂದ ಬಂತು. 1665ರಲ್ಲಿ ಶಿವಾಜಿ ಹಡಗುಪಡೆ ಕಟ್ಟಿಕೊಂಡು ಬಸರೂರಿನ ಮೇಲೆ ಬಂದದ್ದೂ ಆ ಸಂಪತ್ತಿಗಾಗಿಯೇ. 1763ರಲ್ಲಿ ಬಿದನೂರು, ಅಂದರೆ ಇಂದಿನ ಹೊಸನಗರ ತಾಲೂಕಿನ ನಗರ, ಹೈದರಾಲಿಯ ಕೈಸೇರಿತು. ಅದರೊಂದಿಗೆ ಕರಾವಳಿಯೂ ಬಂತು, ಮೈಸೂರಿಗೆ ನೌಕಾಪಡೆಯ ಆಸೆಯೂ ಬಂತು. ಹೈದರ್ ಕಟ್ಟಿಸಿದ ಹಡಗುಗಳನ್ನು ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ 1780ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ನಾಶ ಮಾಡಿದ. 1796ರಲ್ಲಿ ಟಿಪ್ಪು ಯುದ್ಧನೌಕೆ, ಫ್ರಿಗೇಟುಗಳ ದೊಡ್ಡ ಪಡೆ ಕಟ್ಟಲು ಅಪ್ಪಣೆ ಮಾಡಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಆ ಕನಸೂ ಮುಗಿಯಿತು.

ಅಲ್ಲಿಂದೀಚೆಗೆ ಮರದ ಜಾಗಕ್ಕೆ ಉಕ್ಕು ಬಂತು, ಪಟದ ಜಾಗಕ್ಕೆ ಎಂಜಿನ್ ಬಂತು. ಆದರೂ ಕುಪ್ಪಳ್ಳಿಯ ಕವಿಮನೆಯ ತೊಟ್ಟಿಯಲ್ಲಿ ನಿಂತು ಆ ಕಂಬ, ಬೋದಿಗೆ, ತೊಲೆಗಳ ಜೋಡಣೆಯನ್ನು ನೋಡಿದ ಮೇಲೆ ಉಕ್ಕಿನ ಹಡಗಿನ ಒಳಹೊಕ್ಕರೆ ಹಳೆಯ ಪರಿಚಯದವರನ್ನು ಕಂಡ ಹಾಗಾಗುತ್ತದೆ. ತೊಲೆಯ ಮೇಲೆ ಅಡ್ಡೆ, ಅಡ್ಡೆಯ ಮೇಲೆ ಹಲಗೆ. ಭಾರ ಒಂದರಿಂದ ಒಂದಕ್ಕೆ ಇಳಿದು ನೆಲ ಸೇರುವ ಅದೇ ಕ್ರಮ. ವ್ಯತ್ಯಾಸ ಒಂದೇ: ಮನೆಯ ನೆಲ ಅಲುಗುವುದಿಲ್ಲ. ಹಡಗಿನ ನೆಲ ಒಂದು ಅಲೆಯಲ್ಲಿ ನಡುವೆ ಉಬ್ಬುತ್ತದೆ, ಮುಂದಿನ ಅಲೆಯಲ್ಲಿ ನಡುವೆ ತಗ್ಗುತ್ತದೆ. ಹಡಗಿನ ಬೆನ್ನು ಇಡೀ ಆಯುಷ್ಯ ಹೀಗೆ ಬಾಗುತ್ತ ಏಳುತ್ತ ಇರಬೇಕು.

ಮಲ್ಪೆಯಲ್ಲಿ ಉಕ್ಕು ಹಡಗಾಗುವುದು

ದಿವಾಳಿ ಪ್ರಕ್ರಿಯೆಗೆ ಸಿಲುಕಿದ್ದ ತೆಬ್ಮಾ ಶಿಪ್‌ಯಾರ್ಡ್ ಎಂಬ ಕಂಪನಿಯನ್ನು 2020ರಲ್ಲಿ ಸರ್ಕಾರಿ ಒಡೆತನದ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡುಕೊಂಡಿತು. 2022ರಲ್ಲಿ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರು ಪಡೆಯಿತು. ತುಕ್ಕು ಹಿಡಿಯುತ್ತಿದ್ದ ಕ್ರೇನುಗಳು ಮತ್ತೆ ತಿರುಗಿದವು. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ನಿಲ್ಲಿಸುವ ಟಗ್‌ಗಳು ಇಲ್ಲಿಂದ ಹೊರಟವು. ನಾರ್ವೆಯ ಬರ್ಗನ್ ನಗರದ ವಿಲ್ಸನ್ ಕಂಪನಿಗಾಗಿ 3,800 ಟನ್ ಭಾರ ಹೊರುವ ಆರು ಸರಕು ಹಡಗುಗಳ ಕೆಲಸ 2023ರಲ್ಲಿ ಬಂತು. ಮರುವರ್ಷ ಅದೇ ಕಂಪನಿಯಿಂದ 6,300 ಟನ್ನಿನ ಹಡಗುಗಳ ಕೆಲಸವೂ ಬಂತು. ಮೊದಲ ಜಾತಿಯ ಹಡಗು 89.43 ಮೀಟರ್ ಉದ್ದ, 13.2 ಮೀಟರ್ ಅಗಲ. ನಕ್ಷೆ ನೆದರ್‌ಲ್ಯಾಂಡಿನ ಕಾನೋಶಿಪ್ ಸಂಸ್ಥೆಯದು, ಕಟ್ಟುವ ಕೈ ಕರಾವಳಿಯದು.

ಇಂಥ ಹಡಗನ್ನು ಇವತ್ತು ಹೇಗೆ ಕಟ್ಟುತ್ತಾರೆ? ಹಿಂದೆ ಬೆನ್ನುಮರ ಇಟ್ಟು, ಪಕ್ಕೆಲುಬು ನಿಲ್ಲಿಸಿ, ಹಲಗೆ ಹೊದಿಸಿ, ತಳದಿಂದ ಮೇಲಕ್ಕೆ ಕಟ್ಟುತ್ತಿದ್ದರು. ಈಗ ಹಡಗನ್ನು ಕಾಗದದ ಮೇಲೆ, ಎಂದರೆ ಕಂಪ್ಯೂಟರಿನಲ್ಲಿ, ಮೊದಲು ತುಂಡು ತುಂಡು ಮಾಡುತ್ತಾರೆ. ಒಂದೊಂದು ತುಂಡಿಗೆ ಬ್ಲಾಕ್ ಎಂದು ಹೆಸರು. ಒಂದೊಂದೂ ಮನೆಯಷ್ಟು ದೊಡ್ಡದು. ಎಲ್ಲ ಬ್ಲಾಕುಗಳ ಕೆಲಸ ಬೇರೆ ಬೇರೆ ಕಡೆ ಏಕಕಾಲಕ್ಕೆ ಸಾಗುತ್ತದೆ. ಕಡೆಗೆ ಅವನ್ನೆಲ್ಲ ತಂದು ಒಂದಕ್ಕೊಂದು ಬೆಸೆಯುತ್ತಾರೆ.

ಯಾರ್ಡಿಗೆ ಬಂದ ಉಕ್ಕಿನ ತಗಡಿಗೆ ಮೊದಲು ಸ್ನಾನ. ಸಣ್ಣ ಉಕ್ಕಿನ ಕಾಳುಗಳನ್ನು ರಭಸದಿಂದ ಎರಚಿ ಮೇಲಿನ ಕಂದು ಪೊರೆ ಕಳಚಿ, ಕೂಡಲೇ ತೆಳು ಬಣ್ಣ ಹಚ್ಚುತ್ತಾರೆ. ಕರಾವಳಿಯ ಉಪ್ಪುಗಾಳಿಯಲ್ಲಿ ಬೆತ್ತಲೆ ಉಕ್ಕನ್ನು ಒಂದು ಮಳೆಗಾಲ ಬಿಟ್ಟರೆ ಏನಾಗುತ್ತದೆಂದು ಹೇಳಬೇಕಿಲ್ಲ. ಆಮೇಲೆ ಕತ್ತರಿ. ಕಂಪ್ಯೂಟರ್ ಹೇಳಿದ ಗೆರೆಯ ಮೇಲೆ ಪ್ಲಾಸ್ಮಾ ಜ್ವಾಲೆ ಓಡುತ್ತ ನೂರಾರು ಆಕಾರಗಳನ್ನು ಕತ್ತರಿಸುತ್ತದೆ. ಒಂದು ತಗಡಿನಲ್ಲಿ ಎಷ್ಟು ಆಕಾರಗಳನ್ನು ಹೇಗೆ ಒತ್ತೊತ್ತಾಗಿ ಜೋಡಿಸಿದರೆ ಕಡಿಮೆ ಚೂರು ಉಳಿಯುತ್ತದೆ ಎಂಬುದೇ ಒಂದು ವಿದ್ಯೆ. ಬಾಳೆಲೆ ಕೊರತೆಯ ದಿನ ಅಜ್ಜಿ ಒಂದೇ ಎಲೆಯಲ್ಲಿ ನಾಲ್ಕು ಕುಡಿ ತೆಗೆಯುತ್ತಿದ್ದ ಕೈಚಳಕ ಅದು.

ಹಡಗಿನ ಮೂತಿಯಲ್ಲೂ ಹಿಂಭಾಗದಲ್ಲೂ ತಗಡು ಎರಡು ದಿಕ್ಕಿಗೆ ಬಾಗಬೇಕು. ಉರುಳೆಯಲ್ಲಿ ಒಂದು ದಿಕ್ಕಿಗೆ ಬಾಗಿಸುವುದು ಸುಲಭ. ಎರಡನೆಯ ದಿಕ್ಕಿಗೆ ಬೆಂಕಿ ಬೇಕು. ಅನುಭವಿ ಕೆಲಸಗಾರ ಗ್ಯಾಸಿನ ಜ್ವಾಲೆಯನ್ನು ತಗಡಿನ ಮೇಲೆ ಗೆರೆ ಎಳೆದಂತೆ ನಡೆಸುತ್ತಾನೆ, ಹಿಂದೆಯೇ ನೀರು ಬಿಡುತ್ತಾನೆ. ಕಾದ ಗೆರೆ ಹಿಗ್ಗಲು ಹವಣಿಸಿ, ಸುತ್ತಲಿನ ತಣ್ಣನೆ ಉಕ್ಕು ಬಿಡದೆ, ಆರುವಾಗ ಕುಗ್ಗುತ್ತದೆ. ಕುಗ್ಗಿದ ಕಡೆಗೆ ತಗಡು ಬಾಗುತ್ತದೆ. ಎಲ್ಲಿ ಗೆರೆ, ಎಷ್ಟು ಬಿಸಿ, ಎಷ್ಟು ನಿಧಾನ ಎಂಬುದನ್ನು ಅವನ ಕಣ್ಣು, ಕೈ ಹೇಳಬೇಕು. ಮರದ ಅಚ್ಚನ್ನು ತಗಡಿನ ಮೇಲಿಟ್ಟು ಸಂದಿಯಲ್ಲಿ ಬೆಳಕು ನುಸುಳುತ್ತದೆಯೇ ನೋಡುತ್ತಾನೆ. ನುಸುಳದಿದ್ದರೆ ಕೆಲಸ ಮುಗಿಯಿತು. ಇಷ್ಟೆಲ್ಲ ಯಂತ್ರಗಳ ನಡುವೆಯೂ ಈ ಕೆಲಸದಲ್ಲಿ ಮನುಷ್ಯನ ಕಣ್ಣನ್ನು ಪೂರ್ತಿ ಕೈಬಿಡಲು ಲೋಕದ ಹಡಗುಕಟ್ಟೆಗಳಿಗೆ ಇನ್ನೂ ಆಗಿಲ್ಲ.

ಬ್ಲಾಕ್ ಕಟ್ಟುವಾಗ ಒಂದು ಜಾಣತನವಿದೆ. ಬಹಳಷ್ಟು ಬ್ಲಾಕುಗಳನ್ನು ತಲೆಕೆಳಗಾಗಿ ಕಟ್ಟುತ್ತಾರೆ. ಕರಗಿದ ಲೋಹ ಕೆಳಕ್ಕೆ ಹರಿಯುತ್ತದಲ್ಲ; ತಲೆಯ ಮೇಲಿನ ಸಂದಿಗೆ ಬೆಸುಗೆ ಹಾಕುವುದು ಕಷ್ಟ, ಕಾಲಕೆಳಗಿನ ಸಂದಿಗೆ ಹಾಕುವುದು ಸುಲಭ, ಗಟ್ಟಿ ಕೂಡ. ಆದ್ದರಿಂದ ಚಾವಣಿಯಾಗಬೇಕಾದದ್ದನ್ನು ನೆಲವಾಗಿಸಿ ಬೆಸೆದು, ಆಮೇಲೆ ಕ್ರೇನಿನಿಂದ ಮಗುಚಿ ಹಾಕುತ್ತಾರೆ. ನಮ್ಮ ಬಡಗಿಗಳು ಮಾಡಿನ ಕತ್ತರಿಗಳನ್ನು ಅಂಗಳದಲ್ಲೇ ಕೂಡಿಸಿ, ಆಮೇಲೆ ಮೇಲಕ್ಕೆ ಎತ್ತುವ ಹಾಗೆ. ಬ್ಲಾಕ್ ನೆಲದ ಮೇಲಿರುವಾಗಲೇ ಅದರೊಳಗಿನ ಪೈಪು, ಕೇಬಲ್ಲಿನ ಹಾದಿ, ಏಣಿ ಎಲ್ಲವನ್ನೂ ಕೂರಿಸಿಬಿಡುತ್ತಾರೆ. ಹಡಗು ಮುಚ್ಚಿದ ಮೇಲೆ ಕತ್ತಲ ಸಂದಿಯಲ್ಲಿ ನುಸುಳಿ ಮಾಡುವ ಒಂದು ದಿನದ ಕೆಲಸ ಇಲ್ಲಿ ಒಂದೆರಡು ಗಂಟೆಯಲ್ಲಿ ಆಗುತ್ತದೆ.

ಬೆಸುಗೆಗೂ ಒಂದು ಕುತಂತ್ರವಿದೆ. ಹಸಿಮರ ಒಣಗುವಾಗ ಸೆಳೆದುಕೊಳ್ಳುವಂತೆ ಬೆಸುಗೆ ಆರುವಾಗ ಉಕ್ಕನ್ನು ಸೆಳೆಯುತ್ತದೆ. ಒಂದೇ ಕಡೆಯಿಂದ ಹಾಕುತ್ತ ಹೋದರೆ ಇಡೀ ಬ್ಲಾಕು ಸೊಟ್ಟಗಾಗುತ್ತದೆ. ಅದಕ್ಕಾಗಿ ಇಲ್ಲಿಷ್ಟು, ಎದುರುಬದಿಗಿಷ್ಟು, ನಡುವಿನಿಂದ ಹೊರಕ್ಕೆ ಎಂಬ ಕ್ರಮ ಬರೆದಿಟ್ಟಿರುತ್ತಾರೆ. ಎಷ್ಟು ಸೆಳೆಯಬಹುದೆಂದು ಮೊದಲೇ ಎಣಿಸಿ ಅಷ್ಟು ಹೆಚ್ಚು ಉದ್ದ ಬಿಟ್ಟು ಕತ್ತರಿಸಿರುತ್ತಾರೆ. ಎರಡು ಬ್ಲಾಕು ಎದುರುಬದುರಾದಾಗ ಲೇಸರ್ ಕಿರಣದಿಂದ ಅಳೆದು ಮಿಲಿಮೀಟರುಗಳ ಲೆಕ್ಕದಲ್ಲಿ ಕೂಡಿಸುತ್ತಾರೆ. ಮುಖ್ಯ ಬೆಸುಗೆಗಳನ್ನು ಎಕ್ಸ್-ರೇಯಿಂದಲೋ ಶಬ್ದತರಂಗದಿಂದಲೋ ಒಳಗೆ ಗುಳ್ಳೆ, ಬಿರುಕು ಇದೆಯೇ ಎಂದು ನೋಡುತ್ತಾರೆ. ಹಡಗು ಕಟ್ಟಿಸುವವನೂ ಅಲ್ಲದ, ಕಟ್ಟುವವನೂ ಅಲ್ಲದ ಮೂರನೆಯವನೊಬ್ಬ ಇದನ್ನೆಲ್ಲ ಪರೀಕ್ಷಿಸಿ ಒಪ್ಪಿಗೆಯ ಮುದ್ರೆ ಒತ್ತಬೇಕು. ನಮ್ಮ ದೇಶದಲ್ಲಿ ಈ ಕೆಲಸಕ್ಕಾಗಿ 1975ರಲ್ಲಿ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಹುಟ್ಟಿತು. ನಡುಗಡಲಿನಲ್ಲಿ ಬೆಸುಗೆ ಬಿಟ್ಟರೆ ದೂರು ಹೇಳಲು ಯಾರೂ ಉಳಿದಿರುವುದಿಲ್ಲ ಎಂಬುದನ್ನು ಮನಗಂಡ ಶಿಸ್ತು ಇದು.

ನೀರಿನ ಮುಂದೆ ಪರೀಕ್ಷೆ

ಹಡಗು ನೀರಿಗಿಳಿದ ಮೇಲೂ ಅದನ್ನು ಒಪ್ಪಿಸಿಕೊಳ್ಳುವುದಿಲ್ಲ. ಈಗ ಲೆಕ್ಕ ತಾಳೆ ನೋಡುವ ಹೊತ್ತು. ಈ ಪರೀಕ್ಷೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ವಾಲಿಸಿ ನೋಡುವ ಪರೀಕ್ಷೆ.

ಹಡಗನ್ನು ಗಾಳಿಯಿಲ್ಲದ ಹೊತ್ತು, ಅಲೆಯಿಲ್ಲದ ನೀರಿನಲ್ಲಿ ಸಡಿಲವಾಗಿ ಕಟ್ಟುತ್ತಾರೆ. ಕೆಲಸಗಾರರನ್ನೆಲ್ಲ ಇಳಿಸುತ್ತಾರೆ. ಒಳಗೆ ಎತ್ತರದಿಂದ ಉದ್ದನೆಯ ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟಿರುತ್ತಾರೆ, ಗಾರೆಯವರ ತೂಗುಗುಂಡಿನ ಹಾಗೆ. ಆ ತೂಕ ಅಲ್ಲಾಡದಿರಲೆಂದು ಎಣ್ಣೆಯದೋ ನೀರಿನದೋ ಡಬ್ಬಿಯಲ್ಲಿ ಮುಳುಗಿಸಿರುತ್ತಾರೆ. ಆಮೇಲೆ ತೂಗಿಟ್ಟ ಕಬ್ಬಿಣದ ಗಟ್ಟಿಗಳನ್ನು ಡೆಕ್ಕಿನ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಸುತ್ತಾರೆ. ಇಡೀ ಹಡಗು ತುಸುವೇ ವಾಲುತ್ತದೆ. ದಾರ ಮಾತ್ರ ಅಳೆಯಬಹುದಾದಷ್ಟು ಪಕ್ಕಕ್ಕೆ ಸರಿಯುತ್ತದೆ. ಆ ಸಣ್ಣ ಸರಿತದಿಂದ ಹಡಗಿನ ಭಾರದ ಬಿಂದು ಎಷ್ಟು ಎತ್ತರದಲ್ಲಿದೆ, ಬಿರುಗಾಳಿಯಲ್ಲಿ ಅದು ನೆಟ್ಟಗೆ ನಿಲ್ಲುವುದೇ ಇಲ್ಲವೇ ಎಂದು ತಿಳಿಯುತ್ತದೆ. ಎಷ್ಟೆಲ್ಲ ಕಂಪ್ಯೂಟರ್ ಬಂದರೂ ಕಡೆಯ ಸಾಕ್ಷಿ ಒಂದು ದಾರ, ಒಂದು ಗುಂಡು. ಹೊಳೆಬಾಗಿಲಿನಲ್ಲಿ “ಇನ್ನೊಂಚೂರು ಬಲಕ್ಕೆ” ಎಂದು ಕೈ ಆಡಿಸುತ್ತಿದ್ದವನು ಬರಿಗಣ್ಣಿನಲ್ಲಿ ಮಾಡುತ್ತಿದ್ದದ್ದೂ ಇದೇ ಪರೀಕ್ಷೆ.

ಟಗ್‌ಗಳ ಪರೀಕ್ಷೆ ಇನ್ನೊಂದು ಬಗೆಯದು. ಅವುಗಳ ಗಾತ್ರ ಸಣ್ಣದು, ತೋಳು ದೊಡ್ಡದು. ಹೊಟ್ಟೆಯಡಿಯಲ್ಲಿ ಸುತ್ತ ತಿರುಗಬಲ್ಲ ಎರಡು ಪ್ರೊಪೆಲ್ಲರುಗಳಿರುತ್ತವೆ. ಹಿಂದೆ, ಮುಂದೆ, ಪಕ್ಕಕ್ಕೆ, ಬೇಕಾದತ್ತ ನೂಕಬಹುದು. ಪರೀಕ್ಷೆಯ ದಿನ ಟಗ್ಗನ್ನು ದಡದ ಗೂಟಕ್ಕೆ ಹಗ್ಗದಿಂದ ಕಟ್ಟಿ ನಡುವೆ ಅಳತೆಯ ಯಂತ್ರ ಇಟ್ಟು ಪೂರ್ತಿ ಬಲದಿಂದ ಎಳೆಸುತ್ತಾರೆ. 60 ಟನ್ ಎಳೆತದ ಟಗ್ ಎಂದರೆ ನಮ್ಮ ಬಸ್ಸುಗಳ ಲೆಕ್ಕದಲ್ಲಿ ಐದು ಬಸ್ಸುಗಳನ್ನು ಹಗ್ಗಕ್ಕೆ ನೇತುಹಾಕಿ ಎತ್ತಿಹಿಡಿದಷ್ಟು ಬಲ.

ಇನ್ನು ಉಪ್ಪುನೀರಿನ ಲೆಕ್ಕ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆಯಷ್ಟು ಭಾರ. ನದಿಯಲ್ಲಿ 4 ಮೀಟರ್ ಮುಳುಗಿದ್ದ ಹಡಗು ಕಡಲಿಗೆ ಹೋದರೆ ಸುಮಾರು 10 ಸೆಂಟಿಮೀಟರ್ ಮೇಲೇಳುತ್ತದೆ. ಹಡಗಿನ ಹೊಟ್ಟೆಯ ಮೇಲೆ ಸಿಹಿನೀರಿಗೊಂದು, ಕಡಲಿಗೊಂದು ಗೆರೆ ಬರೆದಿರುವುದು ಇದಕ್ಕಾಗಿ. ಅತಿಭಾರ ಹೇರಿ ನಾವಿಕರನ್ನು ಸಾಯಿಸುತ್ತಿದ್ದ ಕಾಲದಲ್ಲಿ ಸ್ಯಾಮುಯೆಲ್ ಪ್ಲಿಮ್ಸಾಲ್ ಎಂಬ ಇಂಗ್ಲೆಂಡಿನ ಸಂಸದ ಹಠ ಹಿಡಿದು ಹೋರಾಡಿದ. 1876ರ ಕಾಯಿದೆಯಿಂದ ಅಲ್ಲಿಯ ಹಡಗುಗಳಿಗೆ ಭಾರದ ಗೆರೆ ಬಂತು. ಇಂದು ಲೋಕ ಸುತ್ತುವ ಸರಕು ಹಡಗುಗಳ ಹೊಟ್ಟೆಯ ಮೇಲೆ ಆ ಗೆರೆಗಳ ಬಳಗವಿದೆ. ಒಬ್ಬ ಮನುಷ್ಯನ ಕರುಣೆ ಬಣ್ಣದ ಗೆರೆಯಾಗಿ ಉಳಿಯಿತು.

ಮಿತವ್ಯಯವೇ ಹೊಸತನ

ಹಡಗಿನ ಲೋಕದಲ್ಲಿ ಈಗ ಆಗುತ್ತಿರುವ ದೊಡ್ಡ ಬದಲಾವಣೆ ಯಾವುದು ಎಂದು ಕೇಳಿದರೆ ಗಾತ್ರ, ವೇಗ ಎನ್ನುವವರೇ ಹೆಚ್ಚು. ನನಗೆ ಹಾಗೆ ತೋರುವುದಿಲ್ಲ. ಈ ಕಾಲದ ಹಡಗು ಎಂಜಿನಿಯರುಗಳ ನಿಜವಾದ ಸಾಧನೆ ಕಡಿಮೆಯಲ್ಲಿ ನಡೆಸುವುದು. ಕಡಿಮೆ ಉಕ್ಕು, ಕಡಿಮೆ ಎಣ್ಣೆ, ಕಡಿಮೆ ಹೊಗೆ. ಲೋಕದ ವ್ಯಾಪಾರದ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಹಡಗಿನಲ್ಲೇ ಸಾಗುವುದರಿಂದ ಇಲ್ಲಿ ಉಳಿಸಿದ್ದು ಎಲ್ಲರಿಗೂ ಉಳಿದಂತೆ. ಈ ಶತಮಾನದ ನಡುಭಾಗದ ಹೊತ್ತಿಗೆ ಹಡಗುಗಳ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರಬೇಕೆಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2023ರಲ್ಲಿ ಗುರಿ ಇಟ್ಟಿದೆ.

ಮೊದಲ ಉಪಾಯ ತಾಳ್ಮೆ. ಹಡಗನ್ನು ನಡೆಸಲು ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನದಷ್ಟು, ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಅದನ್ನೇ ತಿರುಗಿಸಿ ನೋಡಿ: ವೇಗವನ್ನು ನೂರಕ್ಕೆ ಹತ್ತು ತಗ್ಗಿಸಿದರೆ ನೂರಕ್ಕೆ 27ರಷ್ಟು ಕಡಿಮೆ ಶಕ್ತಿ ಸಾಕು. ದಾರಿಗೆ ಹೆಚ್ಚು ಹೊತ್ತು ಹಿಡಿದರೂ ಒಟ್ಟು ಎಣ್ಣೆಯಲ್ಲಿ ನೂರಕ್ಕೆ ಹತ್ತೊಂಬತ್ತರಷ್ಟು ಉಳಿತಾಯ. ಎರಡನೆಯದು ಆಕಾರ. ಹಡಗಿನ ಮೂತಿಯ ಕೆಳಗೆ, ನೀರಿನೊಳಗೆ, ಉಬ್ಬಿದ ಗಡ್ಡದಂಥ ಭಾಗವನ್ನು ಚಿತ್ರಗಳಲ್ಲಿ ನೋಡಿರಬಹುದು. ಅದು ತಾನೇ ಒಂದು ಅಲೆ ಎಬ್ಬಿಸುತ್ತದೆ. ಆ ಅಲೆಯ ಉಬ್ಬು ಹಡಗಿನ ಮೂತಿ ಎಬ್ಬಿಸುವ ಅಲೆಯ ತಗ್ಗಿಗೆ ಕೂಡಿ ಎರಡೂ ತಣ್ಣಗಾಗುತ್ತವೆ. ಅಲೆ ಎಬ್ಬಿಸಲು ಖರ್ಚಾಗುತ್ತಿದ್ದ ಎಣ್ಣೆ ಉಳಿಯುತ್ತದೆ. ಮೂರನೆಯದು ಜಾರುತನ. ಹೊಟ್ಟೆಯಡಿ ಸಣ್ಣ ಗಾಳಿಗುಳ್ಳೆಗಳ ಹಾಸು ಬಿಟ್ಟು ನೀರಿನ ತಿಕ್ಕಾಟ ತಗ್ಗಿಸುವ ಹಡಗುಗಳು ಈಗ ಓಡಾಡುತ್ತಿವೆ.

ನಾಲ್ಕನೆಯದರಲ್ಲಿ ಹಳೆಯ ಗೆಳೆಯ ಗಾಳಿ ಮರಳಿ ಬಂದಿದೆ. ಡೆಕ್ಕಿನ ಮೇಲೆ ದೊಡ್ಡ ಕಂಬದಂಥ ಉರುಳೆಗಳನ್ನು ನಿಲ್ಲಿಸಿ ಗಿರಗಿರ ತಿರುಗಿಸುತ್ತಾರೆ. ಪಕ್ಕದಿಂದ ಗಾಳಿ ಬೀಸಿದರೆ ಉರುಳೆ ಹಡಗನ್ನು ಮುಂದಕ್ಕೆ ಎಳೆಯುತ್ತದೆ. ಸ್ಪಿನ್ ಬೌಲರ್ ಬಿಟ್ಟ ಚೆಂಡು ತಿರುಗುತ್ತ ಗಾಳಿಯಲ್ಲೇ ಪಕ್ಕಕ್ಕೆ ಸರಿಯುತ್ತದಲ್ಲ, ಅದೇ ಬಲ. ಜರ್ಮನಿಯ ಆಂಟನ್ ಫ್ಲೆಟ್ನರ್ 1920ರ ದಶಕದಲ್ಲೇ ಇಂಥ ಹಡಗನ್ನು ಓಡಿಸಿದ್ದ. ಅಂದು ಎಣ್ಣೆ ಅಗ್ಗವಿತ್ತು, ಯಾರಿಗೂ ಬೇಡವಾಯಿತು. ನೂರು ವರ್ಷದ ಮೇಲೆ ಲೋಕಕ್ಕೆ ಅದು ಬೇಕಾಗಿದೆ.

ಐದನೆಯದು ಮಲ್ಪೆಯಲ್ಲಿ ಕಟ್ಟಿದ ಹಡಗುಗಳಲ್ಲೇ ಇದೆ: ಡೀಸೆಲ್-ವಿದ್ಯುತ್ ಪದ್ಧತಿ. ಸಾಮಾನ್ಯ ಹಡಗಿನಲ್ಲಿ ಒಂದು ದೊಡ್ಡ ಎಂಜಿನ್ನು ನೇರ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಅಳಿವೆಯಲ್ಲಿ, ಬಂದರಿನಲ್ಲಿ ಮೆಲ್ಲಗೆ ಹೋಗುವಾಗಲೂ ಅದೇ ದೊಡ್ಡ ಎಂಜಿನ್ ಉರಿಯುತ್ತಿರಬೇಕು. ಬಚ್ಚಲ ಹಂಡೆಯ ಒಲೆ ಹೊತ್ತಿಸಿ ಒಂದು ಲೋಟ ಕಾಫಿ ಕಾಯಿಸಿದ ಹಾಗೆ. ಡೀಸೆಲ್-ವಿದ್ಯುತ್ ಹಡಗಿನಲ್ಲಿ ಕೆಲವು ಸಣ್ಣ ಜನರೇಟರುಗಳು ವಿದ್ಯುತ್ ತಯಾರಿಸುತ್ತವೆ, ಮೋಟಾರು ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಎಷ್ಟು ಬೇಕೋ ಅಷ್ಟೇ ಒಲೆ ಉರಿಸಿದರಾಯಿತು. ನಾಳೆ ಬ್ಯಾಟರಿ ಅಗ್ಗವಾದರೆ ಜನರೇಟರಿನ ಜಾಗದಲ್ಲಿ ಅದನ್ನಿಡಲು ದಾರಿಯೂ ತೆರೆದಿರುತ್ತದೆ.

ಆ ನಾಳೆ ನೆರೆಮನೆಗೆ ಆಗಲೇ ಬಂದಿದೆ. ಕೇರಳದ ವೇಂಬನಾಡು ಕಾಯಲಿನಲ್ಲಿ ‘ಆದಿತ್ಯ’ ಎಂಬ ಸೌರ ದೋಣಿ 2017ರಿಂದ ಜನರನ್ನು ದಾಟಿಸುತ್ತಿದೆ. ಕೊಚ್ಚಿಯ ಜಲಮೆಟ್ರೊ 2023ರ ಏಪ್ರಿಲಿನಲ್ಲಿ ಶುರುವಾಯಿತು. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ಆ ಬ್ಯಾಟರಿ ದೋಣಿಗಳಲ್ಲಿ ನೂರು ಜನ ಹೋಗಬಹುದು. ಹೊಗೆಯಿಲ್ಲ, ಎಂಜಿನ್ನಿನ ಅಬ್ಬರವಿಲ್ಲ. 2024ರಲ್ಲಿ ಅದೇ ಯಾರ್ಡು ಜಲಜನಕದಿಂದ ವಿದ್ಯುತ್ ಪಡೆಯುವ ದೋಣಿಯೊಂದನ್ನು ಕಾಶಿಯ ಗಂಗೆಗಾಗಿ ಕಟ್ಟಿತು.

ತೀರದ ಬಾಕಿ

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ, ಉಕ್ಕಿನ ಹಗ್ಗಗಳು ಎತ್ತಿಹಿಡಿದ ಸೇತುವೆ. ರಾತ್ರಿ ಹೊತ್ತು ಕಾಯಿಲೆಯವರನ್ನು ದಡದಲ್ಲಿಟ್ಟುಕೊಂಡು ಬೆಳಗಿಗಾಗಿ ಕಾದವರ ಪಾಲಿಗೆ ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ. ಆ ಸಂತೋಷದಲ್ಲಿ ನಾನೂ ಪಾಲುದಾರ. ಆದರೆ ಹಿನ್ನೀರು ದೊಡ್ಡದು, ಅದರ ಕವಲುಗಳು ನೂರಾರು, ಎಲ್ಲ ಕಡವಿಗೂ ಸೇತುವೆ ಬರುವುದಿಲ್ಲ. ಮುಪ್ಪಾನೆಯ ಕಡೆ ಲಾಂಚನ್ನೇ ನಂಬಿ ಬಾಳಿದವರ ದಾರಿ ಇನ್ನೂ ನೀರಿನ ಮೇಲೆಯೇ ಇದೆ.

ಲಿಂಗನಮಕ್ಕಿಯಲ್ಲಿ ನಿಂತ ನೀರು ಕೆಳಗಿಳಿದು ಶರಾವತಿ ವಿದ್ಯುದಾಗಾರದಲ್ಲಿ 1,035 ಮೆಗಾವಾಟ್‌ವರೆಗೆ ವಿದ್ಯುತ್ ಕೊಡುತ್ತದೆ. ಆ ಬೆಳಕಿಗಾಗಿ ಗದ್ದೆ, ಮನೆ, ದೇವಸ್ಥಾನ ಬಿಟ್ಟುಕೊಟ್ಟ ಜನರ ಮಕ್ಕಳು, ಮೊಮ್ಮಕ್ಕಳು ಅದೇ ನೀರಿನ ಮೇಲೆ ಡೀಸೆಲ್ ಹೊಗೆ ಕುಡಿಯುತ್ತ ದಾಟಿದರು. ಬ್ಯಾಟರಿ ಲಾಂಚಿಗೆ ಇದಕ್ಕಿಂತ ಹೊಂದುವ ನೀರು ಯಾವುದಿದೆ? ಅಲೆ ಚಿಕ್ಕದು, ದಾರಿ ಹತ್ತಿರದ್ದು, ದಡದಲ್ಲಿ ನಿಂತು ಜನ ಹತ್ತಿಸಿಕೊಳ್ಳುವ ಹೊತ್ತಿಗೆ ಬ್ಯಾಟರಿಗೂ ಒಂದು ಗುಟುಕು ವಿದ್ಯುತ್ ಕುಡಿಸಬಹುದು. ಕಟ್ಟಬಲ್ಲ ಕೈಗಳು ಘಟ್ಟದ ಕೆಳಗೇ ಇವೆ. ನಾರ್ವೆಗೆ ಹಡಗು ಕಟ್ಟಿಕೊಟ್ಟ ಮಲ್ಪೆಗೆ ಮುಪ್ಪಾನೆಗೊಂದು ಲಾಂಚು ಕಟ್ಟಿಕೊಡುವುದು ದೊಡ್ಡ ಮಾತಲ್ಲ.

ತೇಲುವುದಕ್ಕೆಲ್ಲ ನೀರು ಒಂದೊಂದು ಕಿಲೋದ ಲೆಕ್ಕ ಕೇಳುತ್ತದೆ; ಹಡಗು ಕಟ್ಟುವವರು ತಪ್ಪದೆ ಒಪ್ಪಿಸುತ್ತಾರೆ. ಶರಾವತಿಯ ನೀರಿಗೆ, ಅದರಡಿ ಹೋದ ಊರುಗಳಿಗೆ ನಮ್ಮದೂ ಒಂದು ಲೆಕ್ಕ ಬಾಕಿಯಿದೆ. ಆ ನೀರಿನಲ್ಲೇ ಹುಟ್ಟಿದ ವಿದ್ಯುತ್ತಿನಿಂದ ಓಡುವ ಲಾಂಚಿನ ಮೇಲೆ ಕೈ ಆಡಿಸುತ್ತ, “ಇನ್ನೊಂಚೂರು ಬಲಕ್ಕೆ, ಹಾಂ, ಸಾಕು” ಎಂದು ಒಬ್ಬಾತ ಬಸ್ಸನ್ನು ನಿಲ್ಲಿಸುವ ದಿನ ಆ ಬಾಕಿಯಲ್ಲಿ ಒಂದಿಷ್ಟು ತೀರುತ್ತದೆ.